ಗುಡ್ಡೆಯೊಳಗಿನ ಬಿಸಿಲು

ಮಾರ್ಚ್ 4

ನಾನು ಪರಮೇಶ್ವರಿ. ನಾಯ್ಮಾರ್ಮೂಲೆಯ ಪೇಟೆಯಿಂದ ಮೇಲೆ ಏರುವ ಗುಡ್ಡೆಯಲ್ಲಿ ಎಲ್ಲರಿಗಿಂತ ಮೊದಲು ಕಟ್ಟಿದ ಮನೆ ನಮ್ಮದು. ಐವತ್ತೊಂದು ವರ್ಷದಿಂದ ನಾನು ಈ ಮನೆಯವಳು, ಅದರಲ್ಲಿ ಇಪ್ಪತ್ತೆಂಟು ವರ್ಷದಿಂದ ಯಜಮಾನ್ತಿ. ಬಾಯಾರಿನಲ್ಲಿ ಹುಟ್ಟಿ, ಹೈಸ್ಕೂಲು ಮುಗಿಸಿ, ಹತ್ತೊಂಬತ್ತಕ್ಕೆ ಇಲ್ಲಿಗೆ ಬಂದೆ. ಮಗ ಮುರಳೀಕೃಷ್ಣನಿಗೆ ಪೇಟೆಯಲ್ಲಿ ಔಷಧಿ ಅಂಗಡಿ ಉಂಟು, ಸೊಸೆ ಶ್ರೀರಂಜಿನಿ ಶಾಲೆಯಲ್ಲಿ ಟೀಚರು. ಇಬ್ಬರೂ ನನ್ನನ್ನು ಕೇಳದೆ ಬಾಗಿಲಿಗೆ ಬಣ್ಣ ಬಳಿಯುವುದಿಲ್ಲ. ಹೆಮ್ಮೆಗೆ ಬರೆದದ್ದಲ್ಲ, ಇರುವುದನ್ನು ಬರೆದದ್ದು.

ದಿನಚರಿ ಬರೆಯುವ ಅಭ್ಯಾಸ ನನಗಿಲ್ಲ. ಈಗ ಬರೆಯಲು ಕಾರಣ ದೇವಕಿ ತಂದ ಅರ್ಜಿ. ದೇವಕಿ ಕೆಳಗಿನ ಓಣಿಯವಳು. ತಿಂಗಳಿಗೊಮ್ಮೆ ಹಸಿರು ಕೋಟು ಹಾಕಿಕೊಂಡು, ಗೋಣಿ ಹಿಡಿದು, ಮನೆಮನೆಯ ಪ್ಲಾಸ್ಟಿಕ್ಕು ಒಯ್ಯುತ್ತಾಳೆ. ಪೇಟೆಯಲ್ಲಿ ಒಂದು ಪರಿಸರ ಸಮಿತಿ ಆಗಿದೆಯಂತೆ. ಊರು ಇಷ್ಟು ಬೆಳೆದರೂ ನೀರು, ನೆರಳು ಉಳಿಸಿಕೊಟ್ಟ ಜಾಗಗಳನ್ನೂ ಜನರನ್ನೂ ಗುರುತಿಸಿ, ಜೂನ್ ಐದಕ್ಕೆ ಗೌರವಿಸಿ, ಅಲ್ಲೊಂದು ಬೋರ್ಡು ಹಾಕುತ್ತಾರಂತೆ. ನಮ್ಮ ಸುರಂಗದ ಹೆಸರು ಪಟ್ಟಿಯಲ್ಲಿ ಉಂಟು. ಗಡಿಯ ಊರಲ್ಲವಾ, ಅವಳು ತಂದ ಅರ್ಜಿ ಮಲಯಾಳದಲ್ಲಿತ್ತು. ಹಿಂದೆ ಕಳಿಸಿದೆ. ಸಂಜೆ ಕನ್ನಡದ್ದು ಬಂತು.

'ಸ್ಥಳದ ವಿವರಣೆ' ಎಂಬಲ್ಲಿ ಹೀಗೆ ಬರೆದೆ: ಗುಡ್ಡೆಯ ಬದಿಗೆ ಅಡ್ಡವಾಗಿ ತೋಡಿದ ಬಾವಿ. ಉದ್ದ ಮೂವತ್ತು ಕೋಲು, ಅಂದರೆ ಎಪ್ಪತ್ತು ಅಡಿಯ ಮೇಲೆ. ಒಳಗಿನ ಒರತೆಯ ನೀರು ಕೊಳವೆಯಲ್ಲಿ ತಾನಾಗಿ ಹರಿದು ನಮ್ಮ ಅಂಗಳದ ತೊಟ್ಟಿಗೆ ಬೀಳುತ್ತದೆ. ತುಂಬಿ ಹೆಚ್ಚಾದದ್ದು ಕೆಳಗಿನ ಹದಿಮೂರು ಮನೆಗಳಿಗೆ ಹೋಗುತ್ತದೆ. ಪಂಪು ಇಲ್ಲ, ಕರೆಂಟು ಇಲ್ಲ. ನಾನು ಬಂದ ಮೇಲೆ ಒಂದು ದಿನವೂ ನಿಂತದ್ದಿಲ್ಲ.

ಮಾರ್ಚ್ 5

'ನಿರ್ಮಿಸಿದವರು' ಎಂಬಲ್ಲಿ ಮಾವನ ಹೆಸರು ಬರೆದೆ: ದಿವಂಗತ ಸುಬ್ರಾಯ ಭಟ್ಟರು. ಅರ್ಜಿ ಒಯ್ಯಲು ಬಂದ ದೇವಕಿ ಕುತ್ತಿಗೆ ಉದ್ದ ಮಾಡಿ ಓದಿದಳು.

"ತೋಡಿದ್ದು ಬೋಜಣ್ಣನ ಅಪ್ಪ ಐತ ಅಲ್ಲವಾ ಅಮ್ಮ? ನಮ್ಮ ಅತ್ತೆ ಹೇಳುತ್ತಿದ್ದರು."

"ಕೂಲಿ ಕೊಟ್ಟು ಮಾಡಿಸಿದ್ದು ಮಾವ. ಈ ಮನೆ ಯಾರು ಕಟ್ಟಿದ್ದು ಎಂದು ಕೇಳಿದರೆ ನೀನು ಮೇಸ್ತ್ರಿಯ ಹೆಸರು ಹೇಳುತ್ತೀಯಾ?"

"ಮೇಸ್ತ್ರಿ ಒಳ್ಳೆಯವನಾದರೆ ಹೇಳುವುದಪ್ಪ" ಎಂದು ನಕ್ಕಳು. ಅವಳಿಗೆ ಎಲ್ಲವೂ ನಗೆ.

ಮಾರ್ಚ್ 13

ಸಮಿತಿಯ ಹರಿನಾಥ ಎಂಬವರು ಫೋನು ಮಾಡಿದರು. ನಿವೃತ್ತ ಎಂಜಿನಿಯರು, ಮಾತಿನಲ್ಲಿ ಮರ್ಯಾದೆ ಉಂಟು. ಏಪ್ರಿಲ್ ಹತ್ತರ ಸುಮಾರಿಗೆ ಐದು ಮಂದಿ ಬರುತ್ತಾರಂತೆ, ಒಳಗೆ ಹೋಗಿ ನೋಡುತ್ತಾರಂತೆ.

ಅದೇ ನನಗೆ ಚಿಂತೆಯಾದದ್ದು. ಸುರಂಗದ ಎತ್ತರ ಐದಡಿಯೂ ಇಲ್ಲ. ನಮ್ಮ ಮನೆಗೆ ಬಂದ ಮರ್ಯಾದಸ್ಥರು ಬೆನ್ನು ಬಗ್ಗಿಸಿ, ಕೋಳಿಗೂಡಿಗೆ ನುಗ್ಗಿದ ಹಾಗೆ ನುಗ್ಗುವುದೆಂದರೇನು? ಟೈಲ್ಸ್ ಕೆಲಸದ ಲತೇಶನನ್ನು ಕರೆಸಿದೆ. ಸುರಂಗದ ಮಾಡು, ಅಂದರೆ ತಲೆಯ ಮೇಲಿನ ಮಣ್ಣನ್ನು, ಒಂದೂವರೆ ಅಡಿ ಮೇಲೆ ಕೆತ್ತಿ ಸಮ ಮಾಡುವುದು, ನೆಲಕ್ಕೆ ಕಾಂಕ್ರೀಟು, ಬಾಯಿಗೆ ಒಂದು ಕಮಾನು, ಒಳಗೆ ಲೈಟು. ಇಪ್ಪತ್ತು ದಿನ ಸಾಕು ಎಂದ.

ಸುದ್ದಿ ಕೇಳಿ ಬೋಜ ಬಂದ. ಅರವತ್ತು ದಾಟಿದೆ, ಈಗಲೂ ಸುರಂಗದ ಕೆಲಸಕ್ಕೆ ಪೈವಳಿಕೆಯ ಆಚೆಯವರೆಗೆ ಹೋಗುತ್ತಾನೆ. ಅಂಗಳದ ತುದಿಯಲ್ಲಿ ನಿಂತೇ ಹೇಳಿದ.

"ಮಾಡು ಮುಟ್ಟಬೇಡಿ ಅಮ್ಮ. ಅದು ಉರುಟಾಗಿ ಉಂಟಲ್ಲ, ಹಾಗೆ ಇರುವುದಕ್ಕೇ ಗುಡ್ಡೆ ನಿಂತದ್ದು. ಸಮ ಮಾಡಿದರೆ ಕೂತುಕೊಳ್ಳುತ್ತದೆ."

"ನಿನ್ನನ್ನು ಕೇಳಿದವರು ಯಾರು?"

ಅಂಗಳದ ಕಟ್ಟೆಯ ಮೇಲೆ ಅವನಿಗೆ ಚಹಾ ಇಟ್ಟಿದ್ದೆವು. ಕುಡಿದು, ಲೋಟ ತೊಳೆದು ಕವುಚಿಟ್ಟು ಹೋದ.

ಮಾರ್ಚ್ 27

ಕೆಲಸ ನಡೆಯುತ್ತಿದೆ. ಹತ್ತು ಕೋಲು ಉದ್ದಕ್ಕೆ ಮಾಡು ಎತ್ತರಿಸಿಯಾಯಿತು. ಯಂತ್ರದ ಶಬ್ದಕ್ಕೆ ಒಳಗಿನ ಬಾವಲಿಗಳೆಲ್ಲ ಹಗಲಲ್ಲೇ ಹೊರಬಿದ್ದು ಹಲಸಿನ ಮರ ಸೇರಿದವು.

ಯಂತ್ರ ನಿಂತ ಮೇಲೆ ಮಧ್ಯಾಹ್ನ ಜಗಲಿಯಲ್ಲಿ ಒರಗಿದೆ. ತೊಟ್ಟಿಗೆ ನೀರು ಬೀಳುತ್ತಿತ್ತು. ಮದುವೆಯಾಗಿ ಬಂದ ವಾರ, ಯಾರ ಪರಿಚಯವೂ ಇಲ್ಲದ ಈ ಮನೆಯಲ್ಲಿ ನನ್ನೊಡನೆ ಮೊದಲು ಮಾತಾಡಿದ್ದು ಅದೇ ಶಬ್ದ. ಹೊರಗೆ ಬಸ್ಸು, ಲಾರಿ, ಮೈಕು ಎಷ್ಟು ಹೆಚ್ಚಿದರೂ ಅದು ತನ್ನ ಸ್ವರ ಏರಿಸಿದ್ದಿಲ್ಲ. ಕಣ್ಣು ಮುಚ್ಚಿದರೆ ಮನೆಯೇ ನಿಧಾನ ತೇಲಿ ಗುಡ್ಡೆಯೊಳಗೆ ಹೋದಂತೆ. ಎಚ್ಚರವಾದಾಗ ನಾಲ್ಕು ಗಂಟೆ. ಹೀಗೆ ಹಗಲು ನಿದ್ದೆ ಮಾಡುವವಳಲ್ಲ ನಾನು.

ಏಪ್ರಿಲ್ 2

ಸುರಂಗದ ಮಾಡು ಜರಿಯಿತು. ಕೆಲಸದವರು ಊಟಕ್ಕೆ ಹೋಗಿದ್ದರು, ಯಾರಿಗೂ ಏನೂ ಆಗಲಿಲ್ಲ. ದೊಡ್ಡ ಶಬ್ದವೇನೂ ಇಲ್ಲ. ಒಳಗೆ ಯಾರೋ ಉದ್ದಕ್ಕೆ ಉಸಿರು ಬಿಟ್ಟ ಹಾಗೆ. ಆಮೇಲೆ ಬಾಯಿಯಿಂದ ಕೆಂಪು ಧೂಳು. ಕೊಳವೆಯ ನೀರು ಕೆಂಪಾಯಿತು, ನೂಲಿನಷ್ಟಾಯಿತು, ನಿಂತಿತು.

ಲತೇಶ ತಲೆಯ ಮೇಲಿನ ಮಣ್ಣು ಕೊಡವುತ್ತ, "ಟೈಲ್ಸಿಗೆ ಗ್ಯಾರಂಟಿ ಕೊಡಬಹುದು ಅಮ್ಮ, ಗುಡ್ಡೆಗೆ ಎಲ್ಲಿಂದ ಕೊಡುವುದು?" ಎಂದ.

ಏಪ್ರಿಲ್ 5

ಶಬ್ದ ಇಲ್ಲ.

ಏಪ್ರಿಲ್ 9

ಸಮಿತಿಗೆ ಈಗ ಬರುವುದು ಬೇಡ ಎಂದು ಶ್ರೀರಂಜಿನಿಯಿಂದ ಫೋನು ಮಾಡಿಸಿದೆ. ಕಾರಣ ಹೇಳಿಸಲಿಲ್ಲ.

ನಮಗೆ ಮುರಳಿ ದಿನ ಬಿಟ್ಟು ದಿನ ಟ್ಯಾಂಕರು ತರಿಸುತ್ತಾನೆ. ಓಣಿಯ ಇಕ್ಕಟ್ಟಿನಲ್ಲಿ ಟ್ಯಾಂಕರು ಹೋಗುವುದಿಲ್ಲ. ಹದಿಮೂರು ಮನೆಯವರು ಪೇಟೆಯ ಕೊನೆಯ ನಳ್ಳಿಯಿಂದ ಹೊತ್ತು ತರುತ್ತಾರೆ. ಜಗಲಿಯಿಂದ ನೋಡಿದರೆ ಬಿಸಿಲಿಗೆ ಕೊಡಗಳು ಮಾತ್ರ ಕಾಣುತ್ತವೆ. ಹಳದಿ, ನೀಲಿ, ಕೆಂಪು ಕೊಡಗಳು ತಾವಾಗಿಯೇ ಗುಡ್ಡೆ ಏರಿ ಬಂದ ಹಾಗೆ. ಒಬ್ಬರೂ ಮೇಲೆ ಬಂದು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೈಯಬಹುದಿತ್ತು.

ಏಪ್ರಿಲ್ 14

ವಿಷು. ಕಣಿ ನೋಡಿ ಎದ್ದೆವು. ಅಕ್ಕಿ, ಸೌತೆಕಾಯಿ, ಕನ್ನಡಿ, ಚಿನ್ನ ಎಲ್ಲ ಇಟ್ಟಿದ್ದೆ. ತುಂಬಿದ ಕಲಶದಲ್ಲಿ ಮಾತ್ರ ಟ್ಯಾಂಕರಿನ ನೀರು; ಅದಕ್ಕೆ ಡೀಸೆಲಿನ ವಾಸನೆ.

ಏಳು ಗಂಟೆಗೆ ದೇವಕಿ ತಲೆಯ ಮೇಲೆ ಒಂದು ಕೊಡ ಹೊತ್ತು ಬಂದಳು. "ನಳ್ಳಿಯದ್ದು ಅಮ್ಮ, ನಿನ್ನೆ ಸಂಜೆ ಹಿಡಿದದ್ದು. ಹಬ್ಬಕ್ಕೆ ಆ ಟ್ಯಾಂಕರಿನದ್ದರಲ್ಲಿ ಪಾಯಸ ಮಾಡಬೇಡಿ."

ಇಷ್ಟು ವರ್ಷ ಈ ಅಂಗಳದಿಂದ ನೀರು ಕೆಳಗೆ ಹೋದದ್ದನ್ನು ನೋಡಿದ್ದೇನೆ. ಮೇಲೆ ಬಂದದ್ದು ಇವತ್ತೇ. ಬೇಡ ಎನ್ನಬೇಕೆಂದಿದ್ದೆ, ಶ್ರೀರಂಜಿನಿ ಅಷ್ಟರಲ್ಲಿ ಇಳಿಸಿಕೊಂಡಿದ್ದಳು. ದೇವಕಿಯನ್ನು ಕೂರಿಸಿ ಪಾಯಸ ಕೊಟ್ಟೆ. ಸಕ್ಕರೆ ಕಡಿಮೆ ಎಂದಳು.

ಬೋಜನನ್ನು ಕಳಿಸಲು ಹೇಳಿದೆ.

ಏಪ್ರಿಲ್ 17

ಬೋಜ ಮೂರು ದಿನ ಬಿಟ್ಟು ಬಂದ. ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಕಾರಡ್ಕದಲ್ಲಿ ಕೆಲಸ ಇತ್ತಂತೆ. ಮೇಣದ ಬತ್ತಿ ಹಚ್ಚಿ ಸುರಂಗದ ಬಾಯಿಗೆ ನಡೆದ. ನಾನೂ ಹಿಂದಿನಿಂದ ಹೊರಟೆ.

"ಅಮ್ಮ ಎಲ್ಲಿಗೆ? ಹೆಂಗಸರು ಒಳಗೆ ಹೋಗುವ ಕ್ರಮ ಇಲ್ಲ."

"ಯಾರ ಕ್ರಮ?"

"ನಿಮ್ಮ ಮನೆಯದ್ದೇ" ಎಂದ. ಸರಿ, ಹಾಗಾದರೆ ಬದಲಿಸುವವಳೂ ನಾನೇ ಎಂದೆ.

ಐವತ್ತೊಂದು ವರ್ಷ ಅದರ ನೀರು ಕುಡಿದಿದ್ದೇನೆ, ಒಳಗೆ ಕಾಲಿಟ್ಟದ್ದು ಇವತ್ತು. ನಾಲ್ಕು ಹೆಜ್ಜೆಗೆ ಪೇಟೆಯ ಶಬ್ದ ನಿಂತಿತು. ತಂಪು, ಕೂದಲಿನ ಬುಡದವರೆಗೆ ತಂಪು. ಮೇಲಿನ ಅರ್ಧ ಗೋಡೆಯಲ್ಲಿ ಲತೇಶನ ಯಂತ್ರದ ಗೀರು, ಕೆಳಗಿನ ಅರ್ಧದಲ್ಲಿ ಹಳೆಯ ಪಿಕ್ಕಾಸಿನ ಗುರುತು. ಬೆರಳಿಟ್ಟೆ. ಮೀನಿನ ಹುರುಪೆಯ ಹಾಗೆ ಒಂದರ ಪಕ್ಕ ಒಂದು, ಎಲ್ಲವೂ ಒಂದೇ ಕಡೆಗೆ ಓರೆ.

"ಅಪ್ಪ ಎಡಗೈಯವರು" ಎಂದ ಬೋಜ. "ನೋಡಿ, ಇಲ್ಲಿ ಕೈ ಸೋತದ್ದು ಗೊತ್ತಾಗುತ್ತದೆ, ಪೆಟ್ಟು ಸಣ್ಣ ಸಣ್ಣ. ಮರುದಿನ ಬೆಳಿಗ್ಗೆಯದ್ದು ಇದು, ಉದ್ದ ಉಂಟು."

"ಇಷ್ಟು ತಗ್ಗಾಗಿ ಯಾಕೆ ತೋಡಿದ್ದು?"

"ಅವರು ತಲೆಗೆ ಅಡಕೆ ಹಾಳೆಯ ಮುಟ್ಟಾಳೆ ಇಟ್ಟು ನಿಂತರೆ ಅಷ್ಟೇ ಎತ್ತರ. ಭುಜ ಎಷ್ಟು ಅಗಲವೋ ಸುರಂಗ ಅಷ್ಟು ಅಗಲ. ನಿಮ್ಮ ಮಾವ ಒಳಗೆ ಬಂದವರಲ್ಲ, ಅವರ ಅಳತೆಗೆ ಎಂತಕ್ಕೆ ತೋಡುವುದು?"

ಹತ್ತು ಕೋಲಿನಾಚೆ ಮಣ್ಣು ಕುಸಿದು ಮಾಡಿನವರೆಗೆ ತುಂಬಿತ್ತು. ಬೋಜ ಅದಕ್ಕೆ ಕಿವಿ ಇಟ್ಟ, ಆಮೇಲೆ ನನಗೂ ಇಡಲು ಹೇಳಿದ. ಇಟ್ಟೆ. ಬಹಳ ದೂರದಲ್ಲಿ, ಬೇರೆ ಊರಿನಲ್ಲಿ ಎಂಬಂತೆ, ನೀರು ತೊಟ್ಟಿಕ್ಕುತ್ತಿತ್ತು.

ಸಂಜೆಯಾದರೂ ಎಡ ಕಿವಿಯಲ್ಲಿ ಮಣ್ಣು ಇತ್ತು. ತೊಳೆಯಲು ಮನಸ್ಸಾಗಲಿಲ್ಲ.

ಏಪ್ರಿಲ್ 18

ಜಗಲಿಯಲ್ಲಿ ಕುಳಿತು ಮಾತಾಡಿದೆವು. ಬೋಜ ಹೇಳಿದ್ದು ಇಷ್ಟು. ಹಳೆಯ ಬಾಯಿಯ ಕಡೆ ಮಾಡು ಸಡಿಲವಾಗಿದೆ, ಇನ್ನು ಮುಟ್ಟುವ ಹಾಗಿಲ್ಲ. ನೀರು ಆಚೆ ಉಂಟು. ಗುಡ್ಡೆಯನ್ನು ಸುತ್ತಿ ಬರುವ ಓಣಿಯ ತಿರುವಿನಿಂದ ಹೊಸ ಬಾಯಿ ತೋಡಿದರೆ ಹದಿನಾಲ್ಕು ಕೋಲಿಗೆ ನೀರು ಸಿಗುತ್ತದೆ. ಆ ಜಾಗವೂ ನಮ್ಮದೇ. ಆದರೆ ಅದು ನಮ್ಮ ಅಂಗಳಕ್ಕಿಂತ ಎರಡಾಳು ಕೆಳಗೆ.

"ಅಂದರೆ ನೀರು ಮೊದಲು ಓಣಿಯವರಿಗೆ" ಎಂದ ಮುರಳಿ. "ನಾವು ಅಲ್ಲಿಂದ ಪಂಪು ಮಾಡಬೇಕು. ಅಮ್ಮ, ಬೋರ್‌ವೆಲ್ಲಿನವರ ಹತ್ತಿರ ಮಾತಾಡಿದ್ದೇನೆ. ಒಂದು ದಿನದ ಕೆಲಸ. ಮನೆಗೆ ನೀರು ಬರುತ್ತದೆ."

"ಬೋರು ಇಳಿದರೆ ಈ ಒರತೆ ಇರುತ್ತದಾ?" ನಾನು ಬೋಜನನ್ನು ಕೇಳಿದೆ.

"ಒಂದು ಗುಡ್ಡೆಗೆ ಎಷ್ಟು ಬಾಯಿ ಅಮ್ಮ? ಅದು ಎಳೆದದ್ದು ಇದಕ್ಕಿಲ್ಲ."

"ಕೆಳಗಿನವರಿಗೆ ಪೇಟೆಯ ನಳ್ಳಿ ಉಂಟಲ್ಲ" ಎಂದ ಮುರಳಿ. ಅವನು ಕೆಟ್ಟವನಲ್ಲ. ಅವನನ್ನು ಹಾಗೆ ಯೋಚಿಸಲು ಕಲಿಸಿದ್ದು ನಾನೇ: ಮನೆ ಮೊದಲು.

ನಾಡಿದ್ದು ಹೇಳುತ್ತೇನೆ ಎಂದೆ. ಬೋಜ ಚಹಾ ಕುಡಿದು ಲೋಟ ತೊಳೆಯಲು ಎದ್ದ. ಅಲ್ಲೇ ಇರಲಿ ಎಂದೆ.

ಏಪ್ರಿಲ್ 20

ಬೋರ್‌ವೆಲ್ಲಿನವರಿಗೆ ಬೇಡ ಎಂದು ಹೇಳಲು ಮುರಳಿಗೆ ಹೇಳಿದೆ. ಎರಡು ಸಲ ಹೇಳಬೇಕಾಯಿತು. ಇಂಥದ್ದು ಹಿಂದೆ ಆದದ್ದಿಲ್ಲ.

ಏಪ್ರಿಲ್ 22

ಓಣಿಯ ತಿರುವಿನಲ್ಲಿ ಕೆಲಸ ಶುರು. ಬೋಜ ತೋಡುವುದು, ದೇವಕಿ ಮತ್ತು ಓಣಿಯ ಹೆಂಗಸರು ಸರದಿಯಲ್ಲಿ ಬುಟ್ಟಿಯಲ್ಲಿ ಮಣ್ಣು ಹೊರುವುದು. ಶ್ರೀರಂಜಿನಿಯೂ ರಜೆ ಎಂದು ಇಳಿದಳು, ಸೆರಗು ಸಿಕ್ಕಿಸಿಕೊಂಡು.

"ಟೀಚರೇ, ಬುಟ್ಟಿ ಅರ್ಧ ಮಾಡಿ, ಇದು ಪರೀಕ್ಷೆಯ ಪೇಪರು ಅಲ್ಲ" ಎಂದಳು ದೇವಕಿ.

"ನೀನು ಮೊದಲು ನಿನ್ನದು ತುಂಬಿಸು ಮಾರಾಯ್ತಿ" ಎಂದಳು ನನ್ನ ಸೊಸೆ. ಅವಳಿಗೆ ಹಾಗೆ ಮಾತಾಡಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಬೋಜ ದೊಡ್ಡ ಕನ್ನಡಿ ಕೇಳಿದ. ಲೈಟು ಎಳೆಸಿ ಕೊಡುತ್ತೇನೆ ಎಂದೆ. "ಬಲ್ಬಿನ ಬೆಳಕು ಎಲ್ಲ ಕಡೆ ಹೋಗುತ್ತದೆ ಅಮ್ಮ. ಕನ್ನಡಿಯಲ್ಲಿ ಬಿಟ್ಟ ಬಿಸಿಲು ನೇರ ಹೋಗುತ್ತದೆ. ಅದರ ಮೇಲೆಯೇ ತೋಡಿದರೆ ಸುರಂಗ ಸೊಟ್ಟ ಆಗುವುದಿಲ್ಲ." ಅತ್ತೆಯ ಕೋಣೆಯ ಮರದ ಚೌಕಟ್ಟಿನ ಕನ್ನಡಿ ಇಳಿಸಿಕೊಟ್ಟೆ. ಹಿಡಿಯುವವರು ಬೇಕು. ಸೂರ್ಯ ಸರಿದ ಹಾಗೆ ಅದನ್ನೂ ಸರಿಸುತ್ತಿರಬೇಕು. ಕೂತು ಮಾಡುವ ಕೆಲಸ, ತಾಳ್ಮೆಯದ್ದು. ಮಣ್ಣು ಹೊರಲಾಗದವಳು ನಾನೊಬ್ಬಳೇ ಇದ್ದೆ.

ಏಪ್ರಿಲ್ 29

ಬೆಳಿಗ್ಗೆ ಏಳೂವರೆಯಿಂದ ಹತ್ತೂವರೆಯವರೆಗೆ ನಾನು ಓಣಿಯಲ್ಲಿ ಕುರ್ಚಿ ಹಾಕಿ ಕೂರುತ್ತೇನೆ. ಕನ್ನಡಿ ಮಡಿಲಲ್ಲಿ. ಪೂರ್ವದ ಬಿಸಿಲು ಅದಕ್ಕೆ ಬಿದ್ದು, ತಿರುಗಿ, ಗುಡ್ಡೆಯೊಳಗೆ ಹೋಗುತ್ತದೆ. ಒಳಗೆ ಬೋಜನ ಬೆನ್ನಿನಾಚೆ, ಕೆಂಪು ಮಣ್ಣಿನ ಮೇಲೆ, ತಟ್ಟೆಯಷ್ಟು ಬೆಳಕು. ನನ್ನ ಕೈ ಎಳ್ಳಷ್ಟು ಅಲುಗಿದರೆ ಅಲ್ಲಿ ಅದು ಮಾರುದ್ದ ಹಾರುತ್ತದೆ.

"ಅಮ್ಮಾ, ಬಲಕ್ಕೆ." ಬಲಕ್ಕೆ ಸರಿಸುತ್ತೇನೆ. "ಸಾಕು." ನಿಲ್ಲಿಸುತ್ತೇನೆ. ಆ ಮೂರು ಗಂಟೆ ನಾವು ಆಡುವ ಮಾತು ಇಷ್ಟೇ.

ಹೊತ್ತು ಹೋದದ್ದು ತಿಳಿಯುವುದಿಲ್ಲ. ಸೂರ್ಯ ನಡೆಯುವುದನ್ನು ನಾನು ಮೊದಲು ಕಂಡದ್ದೇ ಇಲ್ಲ. ಈಗ ಮಡಿಲಲ್ಲಿ ಕಾಣುತ್ತೇನೆ. ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಆ ತಟ್ಟೆ ಇರುತ್ತದೆ, ನಿಧಾನ ಒಳಗೊಳಗೆ ಹೋಗುತ್ತಿರುತ್ತದೆ. ಅದರ ಹಿಂದೆ ನಾನೂ ಹೋದ ಹಾಗೆ. ಗುಡ್ಡೆಯ ಹೊಟ್ಟೆಯಲ್ಲಿ ಗೋಡೆಗೆ ಮುಖ ಮಾಡಿ ಒಬ್ಬ ಗಿಡ್ಡ ಮನುಷ್ಯ, ತಲೆಗೆ ಮುಟ್ಟಾಳೆ. ಅವನು ತಿರುಗಿ ನೋಡುವುದಿಲ್ಲ. ಎಡಗೈ ಮಾತ್ರ ಏಳುತ್ತದೆ, ಇಳಿಯುತ್ತದೆ. ಅವನಿಗೆ ಕನ್ನಡಿ ಹಿಡಿದವರು ಯಾರಿರಬಹುದು?

ಮಧ್ಯಾಹ್ನ ಬೋಜನನ್ನು ಕೇಳಿದೆ.

"ನನ್ನ ಅಮ್ಮ" ಎಂದ. "ನನ್ನನ್ನು ಸೊಂಟಕ್ಕೆ ಕಟ್ಟಿಕೊಂಡು."

ಮೇ 4

ಎಂಟು ಕೋಲು. ಒಂದು ದೊಡ್ಡ ಮುರಕಲ್ಲು ಸಿಕ್ಕಿ ಎರಡು ದಿನ ತಿಂದಿತು. ದಾರಿಯಲ್ಲಿ ಹೋಗುವವರು ನಿಂತು, "ಭಟ್ಟರಮ್ಮ ಇಲ್ಲಿ ಎಂತ ಮಾಡುವುದು?" ಎಂದು ಕೇಳುತ್ತಾರೆ. ಬಿಸಿಲು ಬಿಡುವುದು ಎನ್ನುತ್ತೇನೆ.

ಮೇ 8

ಮೋಡ. ಕೆಲಸ ಇಲ್ಲ. ದಿನವೆಲ್ಲ ಯಾರ ಮೇಲೂ ಸಿಟ್ಟು ಮಾಡಲು ಏನೂ ಸಿಗಲಿಲ್ಲ.

ಮೇ 14

ಹದಿನಾಲ್ಕನೆಯ ಕೋಲಿಗೆ ಬೋಜ ಪಿಕ್ಕಾಸು ಕೆಳಗಿಟ್ಟ. ನೀರು ಒಮ್ಮೆಲೇ ನುಗ್ಗಬಾರದೆಂದು ಹಾರೆಯಿಂದ ಒಂದು ಸಣ್ಣ ತೂತು ಮಾತ್ರ ಮಾಡಿದ. ನನ್ನ ಬೆಳಕು ಅದರ ಮೇಲೆಯೇ ಇತ್ತು. ಮೊದಲು ಮಣ್ಣು ಕಪ್ಪಾಯಿತು. ಆಮೇಲೆ ಹೊಳೆಯಿತು. ನಲವತ್ತು ದಿನಕ್ಕಿಂತ ಹೆಚ್ಚು ಕತ್ತಲಲ್ಲಿ ನಿಂತಿದ್ದ ನೀರು ಬಿಸಿಲಿನ ಜಾಡು ಹಿಡಿದೇ ನಡೆದು ಬಂತು. ಬೋಜನ ಕಾಲು ದಾಟಿತು, ಬುಟ್ಟಿಗಳನ್ನು ದಾಟಿತು, ನನ್ನ ಕುರ್ಚಿಯ ಕೆಳಗೆ ಬಂದು ಪಾದ ಮುಟ್ಟಿತು.

ದೇವಕಿ ಮೂಗು ಒರೆಸಿಕೊಂಡಳು. "ಅಮ್ಮ, ಕನ್ನಡಿ ಇಳಿಸಿ, ನೀರು ಬಂತಲ್ಲ" ಎಂದಳು. ಇಳಿಸಿದೆ. ಕೈ ಸೋತಿತ್ತು, ಅಷ್ಟೇ.

ಮೇ 17

ತಿರುವಿನಲ್ಲಿ ಸಣ್ಣ ತೊಟ್ಟಿ ಕಟ್ಟಿಯಾಯಿತು. ಮುರಳಿ ಬಾಯಿಗೆ ಗೇಟು ಇಟ್ಟು ಬೀಗ ಹಾಕುವ ಎಂದ. ಬಾವಲಿಗಳು ಎಲ್ಲಿಂದ ಹೋಗುವುದು ಎಂದು ಕೇಳಿದೆ. ಅವನು ನನ್ನ ಮುಖ ನೋಡಿದ.

ಬೆಳಿಗ್ಗೆ ಎಂಟರವರೆಗೆ ಓಣಿಯವರು ಹಿಡಿಯುತ್ತಾರೆ. ಆಮೇಲೆ ನಮ್ಮ ಮೋಟಾರು. ಇದನ್ನು ನಿಶ್ಚಯಿಸಿದ್ದು ಯಾರೆಂದು ನೆನಪಿಲ್ಲ. ಬಹುಶಃ ನಾನೇ.

ಮೇ 20

ಹರಿನಾಥರು ಒಬ್ಬರೇ ಬಂದರು. ಒಳಗೆ ಬೆನ್ನು ಬಗ್ಗಿಸಿ ಹೋಗಿ, ಅಂಗಿಯೆಲ್ಲ ಕೆಂಪು ಮಾಡಿಕೊಂಡು, ಸಂತೋಷದಲ್ಲಿ ಹೊರಬಂದರು. ಆಮೇಲೆ ಕಡತ ತೆರೆದರು.

"ಹಳೆಯದು ಜರಿದದ್ದರಿಂದ ಪಟ್ಟಿಯಲ್ಲಿ ಉಳಿಸಿಕೊಳ್ಳುತ್ತಾರೋ ಎಂದು ನಾನು ಈಗ ಹೇಳಲಾರೆ. ಜೂನ್ ಒಂದಕ್ಕೆ ತೀರ್ಮಾನ. ಉಳಿದರೆ ಬೋರ್ಡಿಗೆ ಅರ್ಜಿಯಲ್ಲಿದ್ದ ಹಾಗೆ ನಿಮ್ಮ ಮಾವನವರ ಹೆಸರು, ವೇದಿಕೆಗೆ ನೀವು. ಆಗಬಹುದಲ್ಲ?"

ಜರಿದದ್ದು ನನ್ನಿಂದ ಎಂದು ಹೇಳಿದೆ. ಮಾಡು ಎತ್ತರಿಸಲು ಹೇಳಿದ್ದು ನಾನು, ಬೇಡ ಎಂದವನ ಮಾತು ಕೇಳದವಳೂ ನಾನು. ಅವರು ಪೆನ್ನು ಹಿಡಿದು ಹಾಳೆ ತಿರುವಿದರು. ಅದಕ್ಕೆ ಅವರ ಕಡತದಲ್ಲಿ ಕಾಲಂ ಇರಲಿಲ್ಲ.

ಬೋಜನನ್ನು ವೇದಿಕೆಗೆ ಕರೆಯಿರಿ ಎಂದೆ. ಬೋಜ ಅಲ್ಲೇ ಹಾರೆ ತೊಳೆಯುತ್ತಿದ್ದ. "ನಾನು ಬರುವುದಿಲ್ಲ. ಶಾಲು ಹೊದ್ದರೆ ನನಗೆ ಸೆಕೆ" ಎಂದ.

"ನಿನ್ನ ಅಪ್ಪನ ಹೆಸರು ಹೇಳಿದರೆ?"

ಅವನು ಹಾರೆಯನ್ನು ಎರಡನೆಯ ಸಲ ತೊಳೆದ, ಮೂರನೆಯ ಸಲವೂ ತೊಳೆದ.

ಅರ್ಜಿ ವಾಪಸು ಕೊಡಿ ಎಂದು ಹರಿನಾಥರಿಂದ ಇಸಿದುಕೊಂಡೆ.

ಮೇ 23

ಹೊಸ ಅರ್ಜಿ ನಿನ್ನೆ ಶ್ರೀರಂಜಿನಿಯ ಕೈಯಲ್ಲಿ ಕಳಿಸಿದೆ. ನಿರ್ಮಿಸಿದವರು: ಐತ, ಅವನ ಮಗ ಬೋಜ. ಐತನ ಹೆಂಡತಿಯ ಹೆಸರು ಕೇಳಿ ಅದನ್ನೂ ಸೇರಿಸಿದೆ: ಚೋಮು. ಉಳಿಸಿಕೊಂಡವರು: ಓಣಿಯ ಹದಿಮೂರು ಮನೆಗಳು, ಹದಿನಾಲ್ಕನೆಯದು ನಮ್ಮದು.

ಆದರೆ ಸಮಿತಿ ಏನು ಹೇಳುತ್ತದೆ ಎಂದು ಜೂನ್ ಒಂದರವರೆಗೆ ಕಾಯುವವಳು ನಾನಲ್ಲ. ಅವರು ಗುರುತಿಸಿದರೆ ಗುರುತಿಸಲಿ. ಮೊನ್ನೆಯೇ ಬೋರ್ಡು ಬರೆಯುವವನನ್ನು ಕರೆಸಿ, ತಿರುವಿನ ಕಲ್ಲಿನ ಗೋಡೆಯ ಮೇಲೆ ಆ ಮೂವರ ಹೆಸರನ್ನು, ಪೇಟೆಯಿಂದ ಬರುವವರಿಗೆ ದೂರದಿಂದಲೇ ಕಾಣುವ ಹಾಗೆ ಬರೆಸಿದೆ. ಕನ್ನಡದಲ್ಲಿ, ಅದರ ಕೆಳಗೆ ಮಲಯಾಳದಲ್ಲಿಯೂ. ಓದುವವರು ಎಲ್ಲರೂ ಓದಬೇಕು.

ಬೋಜ ಬಂದು ಬಹಳ ಹೊತ್ತು ನೋಡಿದ. ಅವನಿಗೆ ಓದಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ತನ್ನ ಅಮ್ಮನ ಹೆಸರಿನ ಕೆಳಗೆ ಕೈ ತಂದ, ಮುಟ್ಟಲಿಲ್ಲ.

"ನಿಮ್ಮ ಹೆಸರು ಎಲ್ಲಿ ಅಮ್ಮ?" ಎಂದು ದೇವಕಿ ಕೇಳಿದಳು.

"ಬಣ್ಣ ಸಾಕಾಗಲಿಲ್ಲ" ಎಂದೆ.

ನಿನ್ನೆ ಸಂಜೆ ಮಳೆಯ ಹನಿ ಬಿತ್ತು. ಇವತ್ತು ಬೆಳಿಗ್ಗೆ ಕೊಡಗಳ ಸಾಲು ಸೇರುವ ಮೊದಲೇ ಇಳಿದು ಹೋಗಿ ಅಕ್ಷರಗಳ ಮೇಲೆ ಬೆರಳು ಇಟ್ಟು ನೋಡಿದೆ. ಅಂಟಲಿಲ್ಲ. ಒಣಗಿದೆ.